ಸಂಪಾದಕ ಅಂಬೇಡ್ಕರ್, ಗಣಿಯೂರಿನ ಕಣ್ಣಲ್ಲಿ

ಏಪ್ರಿಲ್ 14ರಂದು ರಾಬರ್ಟ್‌ಸನ್‌ಪೇಟೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಏರಿಬಿಟ್ಟಿರುತ್ತದೆ. ನೆಟ್ಟನೆಯ ಬೀದಿಗಳಲ್ಲಿ ಕಂಬದಿಂದ ಕಂಬಕ್ಕೆ ನೀಲಿ ಬಾವುಟ. ಫ್ಲೆಕ್ಸುಗಳಲ್ಲಿ ಒಂದು ಸಾಲು ಕನ್ನಡ, ಅದರ ಕೆಳಗೆ ಒಂದು ಸಾಲು ತಮಿಳು. ಹೂವಿನಂಗಡಿಯವರಿಗೆ ಅಂದು ತಲೆ ಎತ್ತಲೂ ಪುರುಸೊತ್ತಿಲ್ಲ. ಆಳೆತ್ತರದ ಹಾರಗಳನ್ನು ಇಬ್ಬಿಬ್ಬರು ಹುಡುಗರು ಹೆಗಲ ಮೇಲೆ ಹೊತ್ತು ಸಾಗುತ್ತಾರೆ. ಮರದ ನೆರಳಲ್ಲಿ ಒಂದಿಷ್ಟು ತರಗು ಹೊತ್ತಿಸಿ ತಮಟೆ ಕಾಯಿಸುತ್ತಿರುವವರು ನಡುನಡುವೆ ಬೆರಳಿಂದ ಬಡಿದು ಹದ ನೋಡುತ್ತಾರೆ. ದೂರದಲ್ಲಿ, ಊರಿನ ಬೆನ್ನಿಗೆ, ಬೂದು ಬಣ್ಣದ ಸೈನೈಡ್ ಗುಡ್ಡಗಳು. ಬಂಗಾರ ತೆಗೆದುಕೊಂಡು ಬಿಸಾಕಿದ ಕಲ್ಲುಪುಡಿ ನೂರು ವರ್ಷಕ್ಕೂ ಮೀರಿ ಬಿದ್ದೂ ಬಿದ್ದೂ ಗುಡ್ಡವಾಗಿದೆ. ಗಾಳಿ ಎದ್ದರೆ ಆ ಪುಡಿ ಪೇಟೆಯ ಅಂಗಳಕ್ಕೂ ಬರುತ್ತದೆ, ಅಂಗಡಿಯ ಗಾಜಿನ ಮೇಲೂ ಕೂರುತ್ತದೆ.

ಮೆರವಣಿಗೆಯ ಗಾಡಿಯ ಮೇಲೆ ನಿಂತ ಬಾಬಾಸಾಹೇಬರ ನಿಲುವು ಇಡೀ ದೇಶಕ್ಕೆ ಪರಿಚಿತ: ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈ ಮುಂದಕ್ಕೆ ಚಾಚಿದೆ. ಪುಸ್ತಕ ಸಂವಿಧಾನ ಎಂದು ಅಲ್ಲಿ ನಿಂತ ಯಾವ ಮಗುವನ್ನು ಕೇಳಿದರೂ ಹೇಳೀತು. ಆದರೆ ಆ ಕೈ ಸಂವಿಧಾನಕ್ಕೆ ತೊಡಗುವ ಇಪ್ಪತ್ತೇಳು ವರ್ಷ ಮೊದಲೇ ಪತ್ರಿಕೆಯ ಹಾಳೆ ತುಂಬಿಸುತ್ತಿತ್ತು. ಅಂಬೇಡ್ಕರ್ ಮೊದಲು ಪತ್ರಕರ್ತರಾದರು, ಶಾಸನಸಭೆ, ದುಂಡುಮೇಜು, ಮಂತ್ರಿಗಿರಿ ಎಲ್ಲವೂ ಆಮೇಲೆ ಬಂದವು. ಈ ಮಾತನ್ನು ನೆನೆಯಲು, ಈ ಪೇಟೆ ಸೇರಿದ ಕೋಲಾರ ಚಿನ್ನದ ಗಣಿಯೂರಾದ ಕೆಜಿಎಫ್‌ಗಿಂತ ತಕ್ಕ ಊರು ಕರ್ನಾಟಕದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಯಾಕೆಂದರೆ ಇಲ್ಲಿಯ ಗಣಿ ಕಾರ್ಮಿಕರ ರಾಜಕಾರಣವೂ ಪತ್ರಿಕೆಯ ಹಾಳೆಯಿಂದಲೇ ಎದ್ದುಬಂದದ್ದು.

ಊರಿನ ನಕ್ಷೆ ಮೊದಲು. ಬಂಗಾರಪೇಟೆಯಲ್ಲಿ ಮುಖ್ಯ ಹಳಿಯಿಂದ ಕವಲೊಡೆದ ರೈಲು ಕೋರಮಂಡಲ, ಊರಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ನಿಲ್ಲುತ್ತದೆ. ಮುಂದೆ ಹಳಿಯೇ ಇಲ್ಲ. ಬೆಳಕು ಹರಿಯುವ ಮೊದಲೇ ಬೆಂಗಳೂರಿಗೆ ಹೊರಡುವ ಗಾಡಿಗಳಲ್ಲಿ ಇವತ್ತು ಈ ಊರಿನ ಮಕ್ಕಳು ಟಿಫನ್ ಡಬ್ಬಿ ಹಿಡಿದು ಕೂಲಿಗೆ, ನೌಕರಿಗೆ, ಕಾಲೇಜಿಗೆ ಹೋಗುತ್ತಾರೆ, ಕತ್ತಲಾದ ಮೇಲೆ ಮರಳುತ್ತಾರೆ. ಒಂದು ಕಾಲಕ್ಕೆ ಇದೇ ಹಳಿ ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಸಂಸಾರ ಸಮೇತ ಜನರನ್ನು ಹೊತ್ತು ತಂದಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಗಣಿಗಳು ಒಂದೊಂದಾಗಿ ತೆರೆದವು: ಮೈಸೂರು ಮೈನ್, ಚಾಂಪಿಯನ್ ರೀಫ್, ಊರಗಾಂ, ನಂದಿದುರ್ಗ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗೆ ವಿದ್ಯುತ್ ತಂದರು. ಮೈಸೂರಿನ ರೆಸಿಡೆಂಟರಾಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ಈ ಪೇಟೆ ಗಣಿಗಳ ಮಗ್ಗುಲಲ್ಲಿ ಬೆಳೆದದ್ದೂ ಆ ಕಾಲದಲ್ಲೇ. ಗಣಿ ಕಂಪನಿಯದು, ಪೇಟೆ ವ್ಯಾಪಾರದ್ದು. ಮಾರ್ವಾಡಿ ಗಿರವಿ ಅಂಗಡಿ, ಮುದಲಿಯಾರರ ಜವಳಿ, ಮುಸ್ಲಿಮರ ಮಂಡಿ, ತೆಲುಗರ ತರಕಾರಿ ಎಲ್ಲ ಇಲ್ಲಿದ್ದವು. ಸಂಬಳದ ದಿನ ಗಣಿಯ ಜನ ಇಲ್ಲಿಗೆ ಇಳಿದು ಬರುತ್ತಿದ್ದರು.

ಉಳಿದ ದಿನ ಅವರು ಇಳಿಯುತ್ತಿದ್ದದ್ದು ಶಾಫ್ಟಿನೊಳಕ್ಕೆ. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಕೇಜಿನಲ್ಲಿ ಒತ್ತಿಕೊಂಡು ನಿಂತರೆ ತಲೆಯ ಮೇಲಿನ ಬೆಳಕಿನ ಚೌಕ ರೆಪ್ಪೆ ಮಿಟುಕಿಸುವಷ್ಟರಲ್ಲಿ ಮಾಯ. ಕೆಳಗೆ ಬಂಡೆಯೇ ಬಿಸಿ. ಒತ್ತಡ ತಾಳದೆ ಬಂಡೆ ಸಿಡಿಯುವುದಕ್ಕೆ ಇಲ್ಲಿಯವರು ಏರ್‌ಬ್ಲಾಸ್ಟ್ ಎನ್ನುತ್ತಾರೆ. ಆ ಸದ್ದು ಮೇಲಿನ ಲೈನ್ ಮನೆಗಳಿಗೂ ಕೇಳಿಸಿ, ಒಲೆಯ ಮುಂದೆ ಕೂತ ಹೆಂಗಸರು ಹಾಗೇ ಎದ್ದು ಶಾಫ್ಟಿನತ್ತ ಓಡುತ್ತಿದ್ದರು. ಅಧಿಕಾರಿಗಳಿಗೆ ಬಂಗಲೆ, ಹೂದೋಟ, ಕ್ಲಬ್ಬು. ಕೂಲಿಯವರಿಗೆ ಬಿದಿರು ತಟ್ಟಿಯ ಗುಡಿಸಲು, ಆಮೇಲೆ ಸಾಲು ಮನೆ. ಒಬ್ಬ ಮನುಷ್ಯ ಎದ್ದು ನಿಂತರೆ ಗೋಡೆಯಿಂದ ಗೋಡೆಗೆ ಕೈ ತಾಕುವಂಥ ಕೋಣೆಗಳು. ಅಲ್ಲಿದ್ದವರಲ್ಲಿ ಬಹುಪಾಲು ಆದಿದ್ರಾವಿಡರು. ಹುಟ್ಟೂರಿನ ಚೇರಿ ಬಿಟ್ಟು ಬಂದಿದ್ದರು, ಆದರೆ ಚೇರಿ ಎನ್ನಿಸಿಕೊಳ್ಳುವುದು ಅವರನ್ನು ಬಿಟ್ಟಿರಲಿಲ್ಲ.

ಇಂಥ ಸಾಲು ಮನೆಗಳಿಗೆ 1907ರಲ್ಲಿ ಮದರಾಸಿನಿಂದ ಒಂದು ವಾರಪತ್ರಿಕೆ ಬರತೊಡಗಿತು. ಬೆಲೆ ಒಂದು ಪೈಸೆ, ಹೆಸರಲ್ಲೇ ಬೆಲೆಯಿತ್ತು: 'ಒರು ಪೈಸಾ ತಮಿಳನ್'. ಒಂದು ವರ್ಷದ ಮೇಲೆ ಬರೀ 'ತಮಿಳನ್' ಎಂದಾಯಿತು. ಸಂಪಾದಕರು ಪಂಡಿತ ಅಯೋತಿದಾಸರು. ಸಿದ್ಧವೈದ್ಯರು, ಭಾಷಾಪಂಡಿತರು. 1898ರಲ್ಲಿ ಕರ್ನಲ್ ಆಲ್ಕಾಟರೊಡನೆ ಸಿಂಹಳಕ್ಕೆ ಹೋಗಿ ಬೌದ್ಧರಾಗಿ ಮರಳಿ, ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದವರು. ಪರೆಯರೆಂದು ದೂರ ಇಡಲ್ಪಟ್ಟವರು ಮೂಲದಲ್ಲಿ ಬೌದ್ಧರು, ಜಾತಿ ಅವರ ಮೇಲೆ ಆಮೇಲೆ ಹೇರಿದ್ದು ಎಂಬುದು ಅವರ ವಾದ. ನಾಲ್ಕು ಪುಟದ ಆ ಹಾಳೆಯಲ್ಲಿ ಅವರು ಈ ವಾದವನ್ನು ವಾರವಾರ ಬೆಳೆಸಿದರು, ಓದುಗರ ಪ್ರಶ್ನೆಗಳಿಗೆ ಉತ್ತರಿಸಿದರು, ಸರ್ಕಾರಕ್ಕೆ ಅರ್ಜಿ ಬರೆದರು.

ಮಾರಿಕುಪ್ಪಂನಲ್ಲಿ ಆ ಸಂಘದ ಶಾಖೆ ಹುಟ್ಟಿದ್ದೂ ಪತ್ರಿಕೆ ಹುಟ್ಟಿದ ಕಾಲದಲ್ಲೇ. ಚಾಂಪಿಯನ್ ರೀಫ್ಸಿನಲ್ಲಿ ಬೌದ್ಧ ವಿಹಾರ ಎದ್ದಿತು. ಗಣಿಯ ಜನ ತಮ್ಮ ಕೂಲಿಯಲ್ಲಿ ಕಾಸು ಕೂಡಿಸಿ ಸಿದ್ಧಾರ್ಥ ಪುಸ್ತಕಶಾಲೆ ಎಂಬ ಪ್ರಕಾಶನವನ್ನೇ ನಡೆಸಿದರು. ಅಯೋತಿದಾಸರ ಬರಹಗಳು ಅಲ್ಲಿಂದ ಪುಸ್ತಕವಾಗಿ ಹೊರಬಂದವು. ಇದನ್ನು ಓದುವಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಏರ್‌ಬ್ಲಾಸ್ಟಿಗೆ ಸಿಕ್ಕು ನಾಳೆ ಇರುತ್ತೇನೋ ಇಲ್ಲವೋ ಎಂಬ ಮನುಷ್ಯ ಒಂದು ಪುಸ್ತಕದ ಅಚ್ಚಿನ ಖರ್ಚಿಗೆ ಕೈಯಿಂದ ಕಾಸು ಬಿಚ್ಚುತ್ತಾನೆ! 1914ರಲ್ಲಿ ಅಯೋತಿದಾಸರು ತೀರಿಕೊಂಡರು, ಪತ್ರಿಕೆ ಕುಂಟಿತು, ನಿಂತಿತು. 1926ರಲ್ಲಿ ಅದನ್ನು ಮತ್ತೆ ಎಬ್ಬಿಸಿದವರು ಇದೇ ಚಿನ್ನದ ಗಣಿಯ ಜಿ. ಅಪ್ಪಾದೊರೈ. ಕೋಲಾರದ ನೆಲದಿಂದ 'ತಮಿಳನ್' ಹೊರಟು ಮದರಾಸಿನವರೆಗೆ ಓದಿಸಿಕೊಂಡಿತು. ಕೆಜಿಎಫ್ ಎಂದರೆ ಬಂಗಾರದ ಗಟ್ಟಿ ಮಾತ್ರ ಹೊರಗೆ ಹೋದ ಊರು ಎಂದು ನಾವು ಭಾವಿಸಿದ್ದೇವೆ. ಇಲ್ಲಿಂದ ವಿಚಾರವೂ ಹೊರಗೆ ಹೋಗಿದೆ.

ಆ ಹೊತ್ತಿಗೆ ಮುಂಬಯಿಯಲ್ಲಿ ಇನ್ನೊಬ್ಬ ಸಂಪಾದಕರು ಮೇಜಿನ ಮುಂದೆ ಕೂತಿದ್ದರು. ಅವರ ಸುತ್ತಲೂ ಇದ್ದದ್ದೂ ಕಾರ್ಮಿಕರ ಸಾಲು ಮನೆಗಳೇ. ಪರೇಲಿನಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟಿನ ಚಾಳು, ಗಿರಣಿಯ ಹೊಗೆ, ಜಗಲಿಯಲ್ಲಿ ಒಗೆದು ಹಾಕಿದ ಬಟ್ಟೆ. ಕೊಲಂಬಿಯಾದಲ್ಲಿ ಓದಿ ಬಂದ ಅರ್ಥಶಾಸ್ತ್ರಜ್ಞ ಅದೇ ಚಾಳಿನ ಕೋಣೆಯಲ್ಲಿ ಸಂಸಾರ ಹೂಡಿ ವರ್ಷಗಟ್ಟಲೆ ಬಾಳಿದರು.

1920ರ ಜನವರಿ 31ರಂದು 'ಮೂಕನಾಯಕ' ಹೊರಬಂತು. ಪಾಕ್ಷಿಕ, ಮರಾಠಿಯಲ್ಲಿ. ಕೊಲ್ಹಾಪುರದ ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರು. ಸಂಪಾದಕರೆಂದು ಪಾಂಡುರಂಗ ನಂದರಾಮ ಭಟ್ಕರ್ ಹೆಸರಿತ್ತು, ಬರಹದ ಹಿಂದಿನ ಕೈ ಅಂಬೇಡ್ಕರರದು. 'ಮೂಕನಾಯಕ'ದ ಪ್ರಕಟಣೆಯನ್ನು ಹಣ ತೆಗೆದುಕೊಂಡಾದರೂ ಅಚ್ಚು ಮಾಡಿ ಎಂದರೆ ಪುಣೆಯ 'ಕೇಸರಿ' ಒಪ್ಪಲಿಲ್ಲ. ಮೊದಲ ಸಂಚಿಕೆಯ ಸಂಪಾದಕೀಯದಲ್ಲಿ ಅಂಬೇಡ್ಕರ್ ಹಿಂದೂ ಸಮಾಜವನ್ನು ಮೆಟ್ಟಿಲೇ ಇಲ್ಲದ ಮಹಡಿಗಳ ಗೋಪುರಕ್ಕೆ ಹೋಲಿಸಿದರು. ಯಾವ ಮಹಡಿಯಲ್ಲಿ ಹುಟ್ಟಿದೆಯೋ ಅಲ್ಲೇ ಸಾಯಬೇಕು, ಕೆಳಗಿನವನು ಎಷ್ಟೇ ಯೋಗ್ಯನಾದರೂ ಮೇಲೆ ಬರುವಂತಿಲ್ಲ. ಮುಂಬಯಿಯ ಪತ್ರಿಕೆಗಳೆಲ್ಲ ತಮ್ಮ ತಮ್ಮ ಜಾತಿಯ ಹಿತ ನೋಡುತ್ತವೆ, ಹೊರಗಿಟ್ಟವರ ಅಳಲಿಗೆ ಅವುಗಳಲ್ಲಿ ಜಾಗವಿಲ್ಲ, ಅದಕ್ಕೇ ಈ ಪತ್ರಿಕೆ ಎಂದು ಕಾರಣವನ್ನೂ ಅಲ್ಲೇ ಕೊಟ್ಟರು. ಆ ವರ್ಷವೇ ಅವರು ಓದು ಮುಗಿಸಲು ಲಂಡನ್ನಿಗೆ ಹೊರಟರು. ಪತ್ರಿಕೆ ಬೇರೆಯವರ ಕೈಯಲ್ಲಿ ಮೂರು ವರ್ಷವೂ ನಿಲ್ಲಲಿಲ್ಲ.

ನನ್ನ ಮಟ್ಟಿಗೆ ಅವರ ಪತ್ರಿಕೋದ್ಯಮದ ಎದೆಯಿರುವುದು ಎರಡನೆಯ ಪತ್ರಿಕೆಯಲ್ಲಿ. 1927ರ ಮಾರ್ಚ್ 20ರಂದು ಹೊರಗಿಟ್ಟವರಿಗೆ ನಿಷಿದ್ಧವಾಗಿದ್ದ ಮಹಾಡದ ಚವದಾರ ಕೆರೆಯಲ್ಲಿ ಅವರು ಬೊಗಸೆ ನೀರು ಕುಡಿದರು. ಎರಡೇ ವಾರಕ್ಕೆ, ಏಪ್ರಿಲ್ 3ರಂದು, 'ಬಹಿಷ್ಕೃತ ಭಾರತ' ಅಚ್ಚಿನಿಂದ ಹೊರಬಂತು. ಈ ಸಲ ಸಂಪಾದಕರ ಜಾಗದಲ್ಲಿ ಅವರದೇ ಹೆಸರು. ಕೆರೆಯ ಏರಿಯ ಮೇಲೆ ನಡೆದದ್ದನ್ನು ಬೇರೆ ಪತ್ರಿಕೆಗಳು ತಮಗೆ ಬೇಕಾದ ಹಾಗೆ ಬರೆದಾಗ, ನಡೆದದ್ದು ನಡೆದ ಹಾಗೆ ಹೇಳಲು ತನ್ನದೇ ಅಂಕಣ ಬೇಕಿತ್ತು. ಹಗಲು ವಕೀಲಿ, ಪಾಠ, ಸಭೆ, ಮನೆಗೆ ಬಂದವರ ಅರ್ಜಿ. ರಾತ್ರಿ ಲೇಖನಿ. ಮುಂದಿನ ಪುಟದ ಸಂಪಾದಕೀಯದಿಂದ ಹಿಡಿದು ಒಳಗಿನ ಟಿಪ್ಪಣಿ, ವಿರೋಧಿಗಳಿಗೆ ಉತ್ತರ, ಸಭೆಯ ವರದಿಯವರೆಗೆ ಬಹುಪಾಲು ಅವರೊಬ್ಬರೇ ಬರೆದರು, ಸಂಬಳವಿಲ್ಲದೆ. ಹಣ ಮುಗಿದಾಗ, ಈ ಪತ್ರಿಕೆಯ ಸಾಲ ಸಾರ್ವಜನಿಕರ ಸಾಲವೂ ಅಲ್ಲವೇ ಎಂದು ಓದುಗರನ್ನೇ ಕೇಳಿದರು. 1929ರ ನವೆಂಬರಿನಲ್ಲಿ ಅದೂ ನಿಂತಿತು. ನಿಲ್ಲುವ ಹೊತ್ತಿಗೆ ಅವರು ಮುಂಬಯಿ ಶಾಸನಸಭೆಯ ನಾಮಕರಣ ಸದಸ್ಯರು, ಸೈಮನ್ ಆಯೋಗದ ಮುಂದೆ ಸಾಕ್ಷ್ಯ ನುಡಿದವರು. ಸಭೆಯಲ್ಲಿ ಅವರು ಎದ್ದು ನಿಂತಾಗ ಹಿಂದೆ ಯಾರಿದ್ದಾರೆ ಎಂಬ ಪ್ರಶ್ನೆಗೆ ಚಂದಾದಾರರ ಪಟ್ಟಿಯೇ ಉತ್ತರವಾಗಿತ್ತು. ಆಸ್ತಿ, ಮಠ, ಜಮೀನ್ದಾರಿಕೆ ಯಾವುದೂ ಇಲ್ಲದ ಜನರಿಗೆ ಸಂಘಟನೆಯ ಮೊದಲ ರೂಪ ಪತ್ರಿಕೆಯೇ.

1930 ಬಂತು. ನವೆಂಬರಿನಲ್ಲಿ ಲಂಡನ್ನಿನ ದುಂಡುಮೇಜಿನ ಮುಂದೆ ಅಂಬೇಡ್ಕರ್ ಕೂತಿದ್ದಾಗಲೇ, 24ನೆಯ ತಾರೀಖು, ಮುಂಬಯಿಯಲ್ಲಿ ಅವರ 'ಜನತಾ' ಪತ್ರಿಕೆ ಶುರುವಾಯಿತು. ಅದೇ ವರ್ಷ ಕೋಲಾರ ಚಿನ್ನದ ಗಣಿಯಲ್ಲಿ ಸಾವಿರಾರು ಕಾರ್ಮಿಕರು ಕೆಲಸಕ್ಕೆ ಇಳಿಯದೆ ವಾರಗಟ್ಟಲೆ ಕೂತರು. ಅದಕ್ಕೆ ಕಾರಣ ಹೆಬ್ಬೆಟ್ಟು. ಕಾರ್ಮಿಕರನ್ನು ನೋಂದಾಯಿಸಿಕೊಳ್ಳಲು ಬೆರಳಿನ ಗುರುತು ಒತ್ತಿಸಿಕೊಳ್ಳುವ ಪದ್ಧತಿ ತಂದಿದ್ದರು. ಕಳ್ಳರಿಂದ ಪೊಲೀಸರು ಒತ್ತಿಸಿಕೊಳ್ಳುವುದನ್ನು ನಮ್ಮಿಂದ ಯಾಕೆ ಎಂಬುದು ಅವರ ಪ್ರಶ್ನೆ. ದೊಡ್ಡ ಯೂನಿಯನ್ ಇರಲಿಲ್ಲ, ಹೊರಗಿನಿಂದ ಬಂದ ಮುಖಂಡರಿರಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ 'ತಮಿಳನ್' ಓದಿದ, ಓದಿಸಿ ಕೇಳಿದ ಸಾಲು ಮನೆಗಳು ಅವು. ಅವರ ಮುಂದೆ ಶಾಯಿ ಮೆತ್ತಿದ ಹಲಗೆ ಇಟ್ಟು ಬೆರಳು ಚಾಚಿ ಎಂದರೆ ಆ ಬೆರಳು ಮುಷ್ಟಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಮುಷ್ಕರಕ್ಕೆ ಪತ್ರಿಕೆಯೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕೂಲಿಯ ಸಂಕಟವಿತ್ತು, ಸಾವುಗಳಿದ್ದವು. ಆದರೆ ಮಾನವೆಂಬುದು ಕೂಲಿಯಷ್ಟೇ ಬೇಕಾದದ್ದು ಎಂದು ಈ ಜನಕ್ಕೆ ಯಾರೋ ಮೊದಲೇ ಬರೆದು ಹೇಳಿದ್ದರು.

ಮುಂದಿನ ವರ್ಷಗಳನ್ನು ಶಾಲೆಯ ಪುಸ್ತಕಗಳೇ ಹೇಳುತ್ತವೆ. 1932ರ ಪುಣೆ ಒಪ್ಪಂದ, 1936ರ ಸ್ವತಂತ್ರ ಕಾರ್ಮಿಕ ಪಕ್ಷ, 1942ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯತ್ವ. ಗಣಿಯೂರಿನವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. 1943ರ ಡಿಸೆಂಬರಿನಲ್ಲಿ ಕಾರ್ಮಿಕ ಸದಸ್ಯ ಅಂಬೇಡ್ಕರ್ ಧನಬಾದ್ ಸುತ್ತಿನ ಕಲ್ಲಿದ್ದಲ ಗಣಿಗಳಿಗೆ ಹೋಗಿ, ಕೆಳಗಿಳಿದು, ಕಾರ್ಮಿಕರ ಮನೆಗಳನ್ನೂ ನೋಡಿ ಬಂದರು. ಮರುವರ್ಷ ಕಲ್ಲಿದ್ದಲ ಗಣಿ ಕಾರ್ಮಿಕರ ಕಲ್ಯಾಣ ನಿಧಿ ಬಂತು. ಯುದ್ಧದ ಒತ್ತಡದಲ್ಲಿ ಹೆಂಗಸರು ನೆಲದಡಿ ದುಡಿಯಬಾರದೆಂಬ ನಿಷೇಧವನ್ನು ಸರ್ಕಾರ ಸಡಿಲಿಸಿದ್ದೂ ಅವರ ಕಾಲದಲ್ಲೇ. ಶಾಸನಸಭೆಯಲ್ಲಿ ಅವರು ಅದನ್ನು ಸಮರ್ಥಿಸಿಕೊಂಡರು, ಗಂಡಸಿನಷ್ಟೇ ಕೂಲಿ ಕೊಡಿಸುತ್ತಿದ್ದೇವೆ ಎಂದರು. ಆ ತೀರ್ಮಾನ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಸಂಪಾದಕರಾಗಿದ್ದರೆ ಅದರ ವಿರುದ್ಧ ಅವರೇ ಬರೆಯುತ್ತಿದ್ದರು ಎಂದೇ ಅನ್ನಿಸುತ್ತದೆ. ಅಧಿಕಾರದ ಕುರ್ಚಿಯಲ್ಲಿ ಕೂತ ಪತ್ರಕರ್ತ ಏನನ್ನು ಕಳೆದುಕೊಳ್ಳುತ್ತಾನೆ ಎಂಬುದಕ್ಕೆ ಇದೊಂದು ಗುರುತು. ಇನ್ನು ಕೋಲಾರದ ಗಣಿ ಮೈಸೂರು ಸಂಸ್ಥಾನದಲ್ಲಿತ್ತು. ಬ್ರಿಟಿಷ್ ಇಂಡಿಯಾದ ಕಾಯಿದೆಗಳು ನೇರವಾಗಿ ಇಲ್ಲಿಗೆ ಬರುತ್ತಿರಲಿಲ್ಲ. ಇಲ್ಲಿಯವರು ತಮ್ಮ ಹಕ್ಕಿಗಾಗಿ ತಾವೇ ಬಡಿದಾಡಬೇಕಿತ್ತು. 1946ರಲ್ಲಿ ಪೊಲೀಸರ ಗುಂಡಿಗೆ ಎದೆಯನ್ನೂ ಕೊಟ್ಟರು.

ಪತ್ರಕರ್ತ ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಒಂದು ಸಲ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತಾರೆ. 1948ರ ಡಿಸೆಂಬರಿನಲ್ಲಿ ವಾಕ್ ಸ್ವಾತಂತ್ರ್ಯದ ವಿಧಿಯ ಚರ್ಚೆ. ಪತ್ರಿಕಾ ಸ್ವಾತಂತ್ರ್ಯ ಎಂದು ಬೇರೆಯಾಗಿ ಬರೆಯಿರಿ ಎಂದು ಹಲವರು ಪಟ್ಟು ಹಿಡಿದರು. ಪತ್ರಿಕೆಗಳನ್ನು ಕಟ್ಟಿದ ಮನುಷ್ಯ ಇದಕ್ಕೆ ಮೊದಲು ಕೈ ಎತ್ತುತ್ತಾರೆ ಎಂದು ಯಾರಿಗಾದರೂ ಅನ್ನಿಸಬೇಕು. ಅವರು ಬೇಡವೆಂದರು. ಸಂಪಾದಕನಾಗಲಿ ಮಾಲೀಕನಾಗಲಿ ಬರೆಯುವುದು ಪ್ರಜೆಯೆಂಬ ಹಕ್ಕಿನಿಂದ, ಪ್ರಜೆಗಿಲ್ಲದ ವಿಶೇಷ ಹಕ್ಕು ಪತ್ರಿಕೆಗೂ ಇಲ್ಲ ಎಂಬುದು ಅವರ ನಿಲುವು. 'ಕೇಸರಿ'ಯ ಬಾಗಿಲಲ್ಲಿ ಪ್ರಕಟಣೆ ಹಿಡಿದು ನಿಂತು ಮರಳಿದವರಿಗೆ ಪತ್ರಿಕೆಗಳ ಹಕ್ಕಿಗಿಂತ, ಪತ್ರಿಕೆಯೊಳಗೆ ಜಾಗ ಸಿಗದವನ ಹಕ್ಕು ದೊಡ್ಡದಾಗಿ ಕಂಡಿದ್ದರೆ ಅದು ಸಹಜ. 1943ರಲ್ಲೇ ರಾನಡೆಯವರ ನೂರಾ ಒಂದನೆಯ ಜನ್ಮದಿನದ ಭಾಷಣದಲ್ಲಿ, ವೃತ್ತಿಯಾಗಿದ್ದ ಪತ್ರಿಕೋದ್ಯಮ ವ್ಯಾಪಾರವಾಗಿದೆ, ವೀರಪೂಜೆ ಮಾಡುವುದೇ ಅದರ ಕೆಲಸವಾಗಿದೆ ಎಂದು ಅವರು ನೊಂದು ನುಡಿದಿದ್ದರು. ಆದರೂ 1951ರ ಮೊದಲ ತಿದ್ದುಪಡಿಯಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ಹೊಸ ಕಟ್ಟುಗಳು ಬಂದಾಗ ಕಾನೂನು ಮಂತ್ರಿಯಾಗಿ ಅದನ್ನು ಸಮರ್ಥಿಸಿದವರೂ ಅವರೇ. ಅದೇ ವರ್ಷ, ಹಿಂದೂ ಸಂಹಿತೆಯ ಮಸೂದೆಯನ್ನು ಕೈಬಿಟ್ಟದ್ದಕ್ಕೆ, ಮಂತ್ರಿಗಿರಿ ಬಿಟ್ಟು ಎದ್ದು ಬಂದರು.

1952ರಲ್ಲಿ ಮುಂಬಯಿಯಲ್ಲಿ ಸೋತರು. 1954ರಲ್ಲಿ ಭಂಡಾರದ ಉಪಚುನಾವಣೆಯಲ್ಲೂ ಸೋತರು. ಆ 1954ರಲ್ಲೇ ಅವರು ಕೆಜಿಎಫ್‌ಗೆ ಬಂದದ್ದು. ಮಧುಮೇಹದಿಂದ ದೇಹ ಸೋತಿತ್ತು, ಕಾಲು ನೋವು ನಡಿಗೆಯನ್ನು ಕಟ್ಟಿಹಾಕಿತ್ತು. ಕೈಯಲ್ಲಿ ಅಧಿಕಾರವಿರಲಿಲ್ಲ, ಮನಸ್ಸು ಬುದ್ಧನ ಕಡೆ ತಿರುಗಿಯಾಗಿತ್ತು. ಮೈಸೂರು ಮಹಾರಾಜರು ಬೆಂಗಳೂರಿನಲ್ಲಿ ಬೌದ್ಧ ಸಂಸ್ಥೆಗೆಂದು ಐದು ಎಕರೆ ಜಾಗ ಕೊಟ್ಟದ್ದೂ ಈ ಕಾಲದಲ್ಲೇ. ಅವರು ಬಂದಿಳಿದ ಗಣಿಯೂರಿನಲ್ಲಿ ಬುದ್ಧ ಆಗಲೇ ಅರ್ಧ ಶತಮಾನದ ನಿವಾಸಿ. ಮದರಾಸಿನ ಪಿ. ಲಕ್ಷ್ಮೀನರಸು ಬೌದ್ಧ ಧರ್ಮದ ಸಾರವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ಅಂಬೇಡ್ಕರ್ 1948ರಲ್ಲಿ ಮುನ್ನುಡಿ ಬರೆದು ಮತ್ತೆ ಅಚ್ಚು ಹಾಕಿಸಿದ್ದರು. ಆ ಗ್ರಂಥ ಮೊದಲು ಬಂದದ್ದು 1907ರಲ್ಲಿ, 'ತಮಿಳನ್' ಹುಟ್ಟಿದ ವರ್ಷ. ಲಕ್ಷ್ಮೀನರಸು ಮದರಾಸಿನ ಆ ಬೌದ್ಧ ಬಳಗಕ್ಕೇ ಸೇರಿದವರು. ಮುಂಬಯಿಯ ಹಾದಿಯೂ ಮಾರಿಕುಪ್ಪಂನ ಹಾದಿಯೂ ಹೀಗೆ ಒಂದೇ ಕಪಾಟಿನ ಮುಂದೆ ಬಂದು ಸೇರಿದ್ದವು. ಅವರನ್ನು ಕಾಣಲು ನೆರೆದ ಗಣಿ ಜನಕ್ಕೆ ಅವರ ಮಾತು ಹೊಸತಲ್ಲ. ತಮ್ಮ ಅಜ್ಜಂದಿರು ಪೈಸೆ ಕೊಟ್ಟು ಕೊಂಡ ಹಾಳೆಯಲ್ಲಿದ್ದದ್ದನ್ನು ಈಗ ದೇಶದ ಕಾನೂನು ಬರೆದವರೇ ಬಂದು ನಿಂತು ದೃಢಪಡಿಸಿದರು.

1956ರ ಫೆಬ್ರವರಿಯಲ್ಲಿ 'ಜನತಾ' ಹೆಸರು ಬದಲಿಸಿಕೊಂಡು 'ಪ್ರಬುದ್ಧ ಭಾರತ' ಆಯಿತು. ಅಕ್ಟೋಬರ್ 14ರಂದು ನಾಗಪುರದ ದೀಕ್ಷೆ. ನವೆಂಬರ್ 29ರಂದು ಕೋಲಾರದ ಚಿನ್ನದ ಗಣಿಗಳನ್ನು ಮೈಸೂರು ಸರ್ಕಾರ ವಶಪಡಿಸಿಕೊಂಡಿತು. ಜಾನ್ ಟೇಲರ್ ಕಂಪನಿಯ ಕಾಲ ಮುಗಿಯಿತು. ಅದಾದ ಒಂದು ವಾರಕ್ಕೆ, ಡಿಸೆಂಬರ್ 6ರಂದು, ಬಾಬಾಸಾಹೇಬರು ಇಲ್ಲವಾದರು.

ಅವರು ಬಿಟ್ಟುಹೋದ ರಾಜಕಾರಣ ಈ ಊರಲ್ಲಿ ಹಲವು ದಶಕ ಚೆನ್ನಾಗಿಯೇ ಉಸಿರಾಡಿತು. 1957ರ ಅಕ್ಟೋಬರಿನಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷ ಕರ್ನಾಟಕದಲ್ಲಿ ಗಟ್ಟಿ ನೆಲೆ ಕಂಡದ್ದು ಇಲ್ಲೇ. ಸಿ.ಎಂ. ಆರುಮುಗಂ ಆ ಪಕ್ಷದಿಂದ ಗೆದ್ದು ವಿಧಾನಸಭೆಗೆ ಹೋದರು, ಮುಂದೆ ಎಸ್. ರಾಜೇಂದ್ರನ್ ಹೋದರು. ಕಮ್ಯುನಿಸ್ಟರು ಗೆದ್ದರು, ಅಣ್ಣಾ ಡಿಎಂಕೆ ಗೆದ್ದಿತು, ಬಿಜೆಪಿ, ಕಾಂಗ್ರೆಸ್ ಎಲ್ಲವೂ ಗೆದ್ದಿವೆ. ಒಂದು ಕ್ಷೇತ್ರ ಇಷ್ಟು ಬಣ್ಣದ ಬಾವುಟಗಳನ್ನು ಕಂಡದ್ದು ಕರ್ನಾಟಕದಲ್ಲಿ ಅಪರೂಪ. 2001ರಲ್ಲಿ ಗಣಿಯೇ ಮುಚ್ಚಿತು. ಶಾಫ್ಟುಗಳಲ್ಲಿ ನೀರು ತುಂಬಿತು, ಜನ ರೈಲು ಹತ್ತಿದರು.

ಅಂಬೇಡ್ಕರರ ಬರಹ, ಭಾಷಣಗಳ ಸಂಪುಟಗಳು ಕನ್ನಡಕ್ಕೆ ಬಂದಿವೆ, ಗ್ರಂಥಾಲಯಗಳಲ್ಲಿ ಸಿಗುತ್ತವೆ. 1970ರ ದಶಕದಲ್ಲಿ 'ಪಂಚಮ' ಪತ್ರಿಕೆಯ ಸುತ್ತ ಸೇರಿದ ಕನ್ನಡದ ದಲಿತ ಬರಹಗಾರರು ಸಂಘಟನೆ ಕಟ್ಟಿದ್ದನ್ನೂ ನಾವು ಬಲ್ಲೆವು. ಅದಕ್ಕೆ ಅರ್ಧ ಶತಮಾನ ಮೊದಲು ಇದೇ ರಾಜ್ಯದ ಕೋಲಾರ ಜಿಲ್ಲೆಯಲ್ಲಿ ಒಬ್ಬ ಸಂಪಾದಕರು ತಮಿಳಿನಲ್ಲಿ ಅದೇ ಕೆಲಸ ಮಾಡಿದ್ದರು. ಜಿ. ಅಪ್ಪಾದೊರೈ ಎಂಬ ಹೆಸರು ಕನ್ನಡದ ಓದುಗರಲ್ಲಿ ಬಹುಮಂದಿಗೆ ಗೊತ್ತೇ ಇಲ್ಲ. ತಮಿಳಿನಲ್ಲಿ ಬರೆದರೆಂಬ ಒಂದೇ ಕಾರಣಕ್ಕೆ ಅವರು ನಮ್ಮ ಪತ್ರಿಕೋದ್ಯಮದ ಚರಿತ್ರೆಯಿಂದ ಹೊರಗೆ ಉಳಿಯಬಾರದು. ಅವರ ಕಾಲದ 'ತಮಿಳನ್' ಸಂಚಿಕೆಗಳಿಂದ ಆರಿಸಿದ ಬರಹಗಳು ಕನ್ನಡದಲ್ಲಿ ಪುಸ್ತಕವಾಗಿ ಬರಬೇಕು. ಅದರ ಮೊದಲ ಪ್ರತಿಗಳು ಬೆಂಗಳೂರಿನ ಸಭಾಂಗಣದಲ್ಲಿ ಅಲ್ಲ, ಏಪ್ರಿಲ್ 14ರ ದಿನ ರಾಬರ್ಟ್‌ಸನ್‌ಪೇಟೆಯ ಬೀದಿಯಲ್ಲಿ ಕೈಗೆಟುಕುವ ಬೆಲೆಗೆ ಮಾರಾಟವಾಗಬೇಕು. ಎರಡೂ ಭಾಷೆ ಚೆನ್ನಾಗಿ ಬಲ್ಲ, ಆ ಲೈನ್ ಮನೆಗಳಲ್ಲೇ ಹುಟ್ಟಿ ಬೆಳೆದ ಮೇಷ್ಟರುಗಳೂ ಕಾಲೇಜು ಹುಡುಗ ಹುಡುಗಿಯರೂ ಆ ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅನುವಾದದ ಕೆಲಸವನ್ನು ಅವರ ಕೈಗೇ ಒಪ್ಪಿಸಬಹುದು.